‘ಆರೆಂಜ್’ ತನ್ನ ‘ನ’ಕಾರ ಕಳೆದುಕೊಂಡದ್ದು ಎಲ್ಲಿ?

ಪ್ರಶ್ನೆ: ಇಂಗ್ಲಿಷಿನ ‘ಆರೆಂಜ್’ ನಮ್ಮ ನಾರಂಗದಿಂದಲೇ ಬಂದದ್ದೇ? ಹಾಗಿದ್ದರೆ ಮೊದಲಿನ ‘ನ’ ಏನಾಯಿತು?

ಈ ಪ್ರಶ್ನೆ ಎಷ್ಟನೆಯ ಸಲ ಬಂತೋ ಲೆಕ್ಕವಿಲ್ಲ. ಹೌದು, ಹೊರಟದ್ದು ಇಲ್ಲಿಂದಲೇ. ಬುಡ ದ್ರಾವಿಡದ್ದೆಂದು ಬಹುಪಾಲು ನಿಘಂಟುಕಾರರ ಅಭಿಪ್ರಾಯ. ಮಲಯಾಳದಲ್ಲಿ ಇವತ್ತಿಗೂ ನಿಂಬೆಹಣ್ಣು ‘ಚೆರುನಾರಙ್ಙ’. ಸಂಸ್ಕೃತದ ನಾರಂಗ ಪಾರಸಿಯಲ್ಲಿ ನಾರಂಗ್ ಆಯಿತು. ಅರಬ್ಬರು ಪಾರಸಿಯ ‘ಗ’ವನ್ನು ‘ಜ’ ಮಾಡಿಕೊಂಡು ನಾರಂಜ್ ಎಂದರು. ಅಲ್ಲಿಂದ ಯುರೋಪು. ಇಂಗ್ಲಿಷಿಗೆ ಫ್ರೆಂಚಿನ ಮೂಲಕ ಬಂದದ್ದು 14ನೇ ಶತಮಾನದ ಕೊನೆಯ ಹೊತ್ತಿಗೆ.

ಈಗ ಆ ಹಠಮಾರಿ ಕಥೆ. ‘ಇಂಗ್ಲಿಷರು ಮೊದಲು “ಎ ನಾರೆಂಜ್” ಅನ್ನುತ್ತಿದ್ದರು, ಬರಬರುತ್ತ ಅದು “ಆ್ಯನ್ ಆರೆಂಜ್” ಆಯಿತು.’ ಮೇಷ್ಟ್ರುಗಳೂ ಹೇಳಿಕೊಡುತ್ತಾರೆ. ತಪ್ಪು! ಇಂಗ್ಲಿಷಿಗೆ ಕಾಲಿಡುವಾಗಲೇ ಈ ಪದಕ್ಕೆ ‘ನ’ ಇರಲಿಲ್ಲ. ಹಳೆಯ ಫ್ರೆಂಚಿನಲ್ಲೇ ಅದು ‘ಒರೆಂಜ್’. ಇಲ್ಲದ್ದನ್ನು ಕಳೆದುಕೊಳ್ಳುವುದು ಹೇಗೆ? ಕಳವಾದದ್ದು ಇಟಲಿ–ಫ್ರಾನ್ಸ್ ಕಡೆ. ಇಟಾಲಿಯನ್ನಿನಲ್ಲಿ ‘ಒಂದು’ ಅನ್ನಲು ‘ಊನ’. ‘ಊನ ನರಾಂಚ’ ಎಂದು ಬೇಗ ಬೇಗ ಹೇಳಿ ನೋಡಿ: ಎರಡು ‘ನ’ ಒಂದಕ್ಕೊಂದು ತಾಗಿ, ಒಂದು ಉದುರಿ, ‘ಊನರಾಂಚ’ ಉಳಿಯುತ್ತದೆ; ಕೇಳುವ ಕಿವಿಗೆ ಅದು ‘ಊನ್ ಅರಾಂಚ’. ಫ್ರೆಂಚಿನಲ್ಲಿ ‘ಓ’ ಸೇರಿದ್ದಕ್ಕೆ ಚಿನ್ನ ಎಂಬರ್ಥದ ‘ಓರ್’ ಪದದ ನೆರಳೂ ಕಾರಣ. ಪಕ್ಕದ ಸ್ಪೇನಿನಲ್ಲಿ ಮಾತ್ರ ‘ನರಾಂಹ’ ಎಂದು ‘ನ’ ಗಟ್ಟಿಯಾಗಿ ಕೂತಿದೆ.

ಈ ಕಥೆ ಸಾಯದಿರಲು ಒಂದು ಕಾರಣವಿದೆ. ಬೇರೆ ಪದಗಳ ಮಟ್ಟಿಗೆ ಅದು ನಿಜ. ‘ಏಪ್ರನ್’ ಮೊದಲು ‘ನೇಪ್ರನ್’, ‘ಅಂಪೈರ್’ ಮೊದಲು ‘ನೂಂಪೇರ್’. ಅವು ಇಂಗ್ಲಿಷಿನೊಳಗೇ ‘ನ’ ಕಳೆದುಕೊಂಡವು. ಆದ್ದರಿಂದ ಯಾವುದೇ ಪದದ ಜಾಡು ಹಿಡಿಯುವಾಗ ಮೊದಲು ನೋಡಬೇಕಾದ್ದು ಒಂದೇ: ಸಾಲ ಕೊಟ್ಟ ಭಾಷೆಯಲ್ಲಿ, ಸಾಲ ಕೊಟ್ಟ ಕಾಲಕ್ಕೆ ಅದರ ರೂಪ ಏನಿತ್ತು? ಈಗಿನ ಉಚ್ಚಾರ ಹೋಲುತ್ತದೆಂದು ನೆಂಟಸ್ತನ ಕಟ್ಟಿದರೆ ಕೆಟ್ಟಿರಿ.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ. ಅರಬ್ಬರ ನಾರಂಜ್ ಹುಳಿ–ಕಹಿ ಹಣ್ಣು. ಸಿಹಿ ತಳಿಯನ್ನು ಮುಂದೆ ಪೋರ್ಚುಗೀಸರ ವ್ಯಾಪಾರ ಹಬ್ಬಿಸಿತು. ಹಾಗಾಗಿ ಅರಬ್ಬಿಯಲ್ಲಿ ಈಗ ಸಿಹಿ ಕಿತ್ತಳೆ ‘ಬುರ್ತುಖಾಲ್’, ತುರ್ಕಿಯಲ್ಲಿ ‘ಪೋರ್ತಕಾಲ್’; ಎರಡೂ ಪೋರ್ಚುಗಲ್ ದೇಶದ ಹೆಸರೇ. ಊರಿನ ಹೆಸರು ಹಣ್ಣಿಗಂಟಿತೆಂದು ನಗಬೇಡಿ. ನಾವು ಜ್ಯೂಸ್ ಅಂಗಡಿಯಲ್ಲಿ ಕೇಳುವ ಮೋಸಂಬಿ ಆಫ್ರಿಕಾದ ಮೊಜಾಂಬಿಕ್.