ಹುಬ್ಬಿ ಮಳೆಗೆ ಸೋರುವ ಮಾಳಿಗೆ: ಶರೀಫರ ಪದ ಕಲಿಯುವವರಿಗೆ

ನಮ್ಮ ಭಜನಾ ಮೇಳದಲ್ಲಿ 'ಸೋರುತಿಹುದು ಮನೆಯ ಮಾಳಿಗಿ' ಪದದ ಧಾಟಿ ನನಗೆ ಬೇಗ ಹಿಡಿಯಿತು. ಹಾಡಿ ಮುಗಿಸಿದಾಗ ಹಿರಿಯ ಗಾಯಕರು ಕೇಳಿದ್ದು ಒಂದೇ ಮಾತು: "ಜಂತಿ ಅಂದ್ರ ಏನೋ ತಮ್ಮಾ?" ನನಗೆ ಗೊತ್ತಿರಲಿಲ್ಲ. ಶರೀಫಜ್ಜನಿಗೆ ಗೌರವ ಕೊಡುವುದು ಅಂದರೆ ಮೊದಲು ಅವರ ಮಾತು ತಿಳಿಯುವುದು ಎಂದು ಅವರು ಅವತ್ತು ಕಲಿಸಿದರು.

ಶಿಶುನಾಳ ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಅವರ ಪದದಲ್ಲಿರುವುದು ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ, ಅಂದರೆ ಮಣ್ಣು ಹೊದಿಸಿದ ಸಮತಟ್ಟು ಚಾವಣಿಯ ಮನೆ. ತೊಲೆ ಅಂದರೆ ಭಾರ ಹೊರುವ ದಪ್ಪ ಮರ. ಅದರ ಮೇಲೆ ಸಾಲಾಗಿ ಕೂರುವ ಮರಗಳೇ ಜಂತಿ. ಎಲ್ಲಕ್ಕಿಂತ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ಬಡಿಯಬೇಕು, ಹುಲ್ಲು ಕೀಳಬೇಕು. ಬಿಟ್ಟರೆ ಕರಕಿ ಬೇರು ಇಳಿಯುತ್ತದೆ, ಇರುವೆ ತೂತು ಮಾಡುತ್ತದೆ, ನೀರು ಅದೇ ದಾರಿ ಹಿಡಿಯುತ್ತದೆ. ಪದದಲ್ಲಿ ಮುರುಕು ತೊಲೆ, ಹುಳುಕು ಜಂತಿ, ಕರಕಿ, ಇರುವೆ ಎಲ್ಲವೂ ಇವೆ. ಸುಮ್ನೆ ಪ್ರಾಸಕ್ಕೆ ಬಂದ ಮಾತುಗಳಲ್ಲ ಇವು, ಮಾಳಿಗೆ ಹತ್ತಿ ನೋಡಿದವರ ಮಾತು.

ಕೊನೆಯ ನುಡಿಯಲ್ಲಿ ಹುಬ್ಬಿ ಮಳೆ ಬರುತ್ತದೆ. ಅದು ಆಗಸ್ಟ್ ಕೊನೆಗೆ ಶುರುವಾಗುವ ಮಳೆ. ಜೂನಿನ ಮಿರಗದ (ಮೃಗಶಿರ) ಮಳೆಯಿಂದ ನೆನೆದು ನೆನೆದು ಮಣ್ಣು ಆಗಲೇ ಸೋತಿರುತ್ತದೆ, ಅಲ್ವಾ? ಮನೆ ಅಂದರೆ ದೇಹ, ಸೋರುವುದು ಅಜ್ಞಾನದಿಂದ ಎಂದು ಅರ್ಥ ಹೇಳುವುದು ಸುಲಭ. ಆದರೆ ಆ ಸೋತ ಮಣ್ಣು ಕಣ್ಣಿಗೆ ಕಾಣದೆ ಹಾಡಿದರೆ ದನಿಯಲ್ಲಿ ಕಳವಳ ಬರುವುದಿಲ್ಲ.

ಇನ್ನೊಂದು ಮಾತು. ಹೊತ್ತಾಯಿತೆಂದು ಕೊನೆಯ ನುಡಿ ಬಿಡಬೇಡಿ. ಅಂಕಿತ, ಅಂದರೆ ಪದ ಯಾರದೆಂದು ತೋರಿಸುವ ಗುರುತಿನ ಹೆಸರು, ಇರುವುದು ಅಲ್ಲೇ. ಶರೀಫರ ಅಂಕಿತ ಅವರ ಹೆಸರಲ್ಲ, 'ಶಿಶುನಾಳಾಧೀಶ', ಅಂದರೆ ಊರ ದೇವರು. 'ಕೋಡಗನ ಕೋಳಿ ನುಂಗಿತ್ತ' ಪದದ ಕೊನೆಗಂತೂ ಗುರು ಗೋವಿಂದರ ಪಾದವೇ ಅವರನ್ನು ನುಂಗುತ್ತದೆ. ಆ ಗುರು ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರು. ನಾವು ಶರೀಫರಿಗೆ ತಲೆಬಾಗಿದರೆ, ಪದದೊಳಗೆ ಅವರು ತಮ್ಮ ಗುರುವಿಗೆ ಬಾಗಿರುತ್ತಾರೆ.

ನಮ್ಮ ಹಿರಿಯರು ಅಂಕಿತ ಬಂದಾಗ ದಮ್ಮಡಿಯ ಬಡಿತ ನಿಲ್ಲಿಸುತ್ತಾರೆ. ಆ ಸಾಲಿಗೆ ಏಕತಾರಿ ಒಂದೇ.