ಅಷ್ಟೇ ತಿಂದರೂ ಕೆಲವು ಸುಂಡಿಲಿ ದಪ್ಪಗಾಗುವುದಿಲ್ಲ, ಏಕೆ?

ಓದುಗರ ಪ್ರಶ್ನೆ: ಕ್ಯಾಲ್ಸಿಯಂ ಚಾನೆಲ್‌ನ ಒಂದು ಜೀನ್ ಇಲ್ಲದ ಸುಂಡಿಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟರೂ ತೂಕ ಅಷ್ಟಾಗಿ ಏರುವುದಿಲ್ಲವಂತೆ. ಅವು ಕಡಿಮೆ ತಿನ್ನುತ್ತವೆಯೇ? ಬಿ.ಪಿ.ಗೆ ತೆಗೆದುಕೊಳ್ಳುವ ಕ್ಯಾಲ್ಸಿಯಂ ಚಾನೆಲ್ ಮಾತ್ರೆಯಿಂದಲೂ ತೂಕ ಇಳಿಯುತ್ತದೆಯೇ?

ಕಡಿಮೆ ತಿನ್ನುವುದಿಲ್ಲ. ಈ ಸಂಶೋಧನೆಯ ತಿರುಳು ಇರುವುದೇ ಅಲ್ಲಿ.

ಜೀನಿನ ಹೆಸರು ಸಿಎಸಿಎನ್‌ಎ1ಜಿ. ಕ್ಯಾಲ್ಸಿಯಂ ಚಾನೆಲ್ ಎಂದರೆ ಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲು; ಈ ಜೀನ್ ಟಿ-ಟೈಪ್ ಎಂಬ ಬಗೆಯ ಚಾನೆಲ್ ಕಟ್ಟುತ್ತದೆ. ನರಕೋಶದ ವೋಲ್ಟೇಜ್ ಸ್ವಲ್ಪ ಏರಿದರೂ ತೆರೆದುಕೊಂಡು ಬೇಗ ಮುಚ್ಚಿಕೊಳ್ಳುವುದು ಇದರ ಸ್ವಭಾವ. ಮೆದುಳಿನ ಥಲಾಮಸ್‌ನಲ್ಲಿ ನಿದ್ದೆಯ ಲಯಕ್ಕೆ ಇದು ಬೇಕು. ಜೀನ್ ಇಲ್ಲದ ಸುಂಡಿಲಿಗಳ ನಿದ್ದೆ-ಎಚ್ಚರ ಬದಲಾಗಿರುತ್ತದೆ. ಅವು ಕೊಬ್ಬಿನ ಆಹಾರವನ್ನು ಉಳಿದವುಗಳಷ್ಟೇ ತಿಂದರೂ ತೂಕ ಏರುವುದು ಕಡಿಮೆ ಎಂದು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2009ರಲ್ಲಿ ವರದಿ ಮಾಡಿತು. ಟಿಟಿಎ-ಎ2 ಎಂಬ ಔಷಧದಿಂದ ಇದೇ ಚಾನೆಲ್‌ಗಳನ್ನು ತಡೆದಾಗಲೂ ತೂಕ ಏರಲಿಲ್ಲ. ಆಗಲೇ ದಪ್ಪಗಿದ್ದ ಪ್ರಾಣಿಗಳಲ್ಲಿ ಕೊಬ್ಬು ಇಳಿದು ಸ್ನಾಯು ಹೆಚ್ಚಿತು.

ಔಷಧ ಕೊಟ್ಟ ಹೊತ್ತನ್ನು ಗಮನಿಸಿ. ಸುಂಡಿಲಿ ರಾತ್ರಿ ಓಡಾಡುವ ಪ್ರಾಣಿ. ಕೊಬ್ಬಿನ ಆಹಾರ ಸಿಕ್ಕರೆ ಹಗಲಿನಲ್ಲೂ ಮೇಯತೊಡಗುತ್ತದೆ. ಮಲಗುವ ವೇಳೆಗೆ ಮುಂಚೆ ಔಷಧ ಕೊಟ್ಟಾಗ ನಿದ್ದೆ ಹೆಚ್ಚಿ, ಮೈ ಬಿಸಿ ಇಳಿಯಿತು. ಊಟ ಮತ್ತೆ ದೇಹದ ಗಡಿಯಾರಕ್ಕೆ ಹೊಂದಿಕೊಂಡಿದ್ದೇ ಕಾರಣವಿರಬೇಕು ಎಂಬುದು ಸಂಶೋಧಕರ ಊಹೆ. ಆದರೆ ಜೀನ್ ಇಲ್ಲದ ಸುಂಡಿಲಿಗಳಲ್ಲಿ ಕೊಬ್ಬಿನ ಆಹಾರ ಹಗಲು-ರಾತ್ರಿಯ ಲಯವನ್ನು ಉಳಿದವುಗಳಲ್ಲಿ ಕೆಡಿಸಿದಂತೆಯೇ ಕೆಡಿಸಿತ್ತು. ಹಾಗಾಗಿ ಎರಡಕ್ಕೂ ಒಂದೇ ವಿವರಣೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಹುಟ್ಟಿನಿಂದಲೇ ಇಡೀ ದೇಹದಲ್ಲಿ ಜೀನ್ ಇಲ್ಲದಿರುವುದು ಬೇರೆ, ದೊಡ್ಡದಾದ ಮೇಲೆ ದಿನದ ಒಂದು ಹೊತ್ತಿನಲ್ಲಿ ಚಾನೆಲ್ ತಡೆಯುವುದು ಬೇರೆ.

ಬಿ.ಪಿ. ಮಾತ್ರೆಯ ವಿಷಯ: ಇಂಥ ಮಾತ್ರೆಗಳಲ್ಲಿ ಒಂದಾದ ಆಮ್ಲೋಡಿಪಿನ್ ಮುಖ್ಯವಾಗಿ ತಡೆಯುವುದು ರಕ್ತನಾಳಗಳ ಎಲ್-ಟೈಪ್ ಎಂಬ ಬೇರೆ ಬಗೆಯ ಚಾನೆಲ್‌ಗಳನ್ನು. ಅದರಿಂದ ತೂಕ ಇಳಿಯುತ್ತದೆಂದು ಈ ಪ್ರಯೋಗ ಹೇಳುವುದಿಲ್ಲ. ವೈದ್ಯರನ್ನು ಕೇಳದೆ ಡೋಸ್ ಬದಲಿಸಬೇಡಿ.

ಇಂಥ ಪ್ರಯೋಗ ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ಶೇ 60 ಕ್ಯಾಲರಿ ಕೊಬ್ಬಿನಿಂದಲೇ ಬರುವ ಆಹಾರದ ಒಂದು ಗ್ರಾಂನಲ್ಲಿ ಸುಮಾರು 5.2 ಕಿಲೋಕ್ಯಾಲರಿ ಇರುತ್ತದೆ, ಶೇ 10 ಕ್ಯಾಲರಿ ಮಾತ್ರ ಕೊಬ್ಬಿನಿಂದ ಬರುವ ಆಹಾರದಲ್ಲಿ 3.8. ಗ್ರಾಂ ಮಾತ್ರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕೊಬ್ಬಿನ ಆಹಾರದ ಮೆತ್ತಗಿನ ಉಂಡೆಗಳು ಪುಡಿಯಾಗಿ ಪಂಜರದ ತಳಕ್ಕೆ ಬೀಳುತ್ತವೆ. ಆ ಪುಡಿಯನ್ನೂ ತೂಗಿ ಕಳೆಯಬೇಕು. ಹೋಲಿಕೆಗೆ ಒಂದೇ ಸೂಲಿನ ಮರಿಗಳೇ ಆಗಬೇಕು. ಕೋಣೆಯ ಉಷ್ಣತೆಯನ್ನೂ ದಾಖಲಿಸಬೇಕು, ಏಕೆಂದರೆ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಂಡಿಲಿಗೆ ಚಳಿ; ಮೈ ಬಿಸಿಯಿಡಲೆಂದೇ ಅದು ಸಾಕಷ್ಟು ಶಕ್ತಿ ಸುಡುತ್ತದೆ. ಸುಮಾರು 30 ಡಿಗ್ರಿಯಲ್ಲಿ ಆ ಖರ್ಚು ತೀರಾ ಇಳಿಯುತ್ತದೆ.