ಅಮ್ಮ ಟಿವಿ ಮುಂದೆ ಟೆನಿಸ್ ಆಡಿದ ಸಂಜೆ: ಬೀಸಿ ಆಡುವ ವಿಡಿಯೋ ಗೇಮಿನ ಹಿನ್ನೆಲೆ

2008ರ ಡಿಸೆಂಬರ್. ನ್ಯೂಜೆರ್ಸಿಯಲ್ಲಿ ಅಣ್ಣನ ಮನೆ. ಹೊರಗೆ ಹಿಮ. ಅಪ್ಪ ಅಮ್ಮ ಬೆಂಗಳೂರಿನಿಂದ ಹೋಗಿ ಎರಡು ತಿಂಗಳಾಗಿತ್ತು. ವಾಕಿಂಗ್ ಇಲ್ಲ, ಮಾತಾಡಿಸಲು ಪಕ್ಕದ ಮನೆಯವರಿಲ್ಲ. ನಾನೂ ರಜೆ ಹಾಕಿ ಹೋಗಿದ್ದೆ. ಒಂದು ಸಂಜೆ ಅಣ್ಣನ ಮಗ, ಎಂಟು ವರ್ಷದವನು, ಬಿಳಿ ರಿಮೋಟೊಂದನ್ನು ಅಮ್ಮನ ಕೈಗಿಟ್ಟು "ಅಜ್ಜಿ, ಟೆನಿಸ್ ಆಡೋಣ ಬಾ" ಅಂದ. ಅಮ್ಮ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ರಿಮೋಟಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಂಡಳು. ಸೆರಗು ಸಿಕ್ಕಿಸಿಕೊಂಡು ನಿಂತಳು.

ಅಲ್ಲಿಯವರೆಗೆ ಅವಳು ವಿಡಿಯೋ ಗೇಮ್ ಮುಟ್ಟಿದವಳಲ್ಲ. ನಾವು ಚಿಕ್ಕವರಿದ್ದಾಗ ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದರೆ "ಟಿವಿ ಹಾಳಾಗತ್ತೆ, ಆಫ್ ಮಾಡಿ" ಅನ್ನುತ್ತಿದ್ದಳು ಅಷ್ಟೇ. ಈಗ ತೆರೆಯ ಮೇಲೆ ಚೆಂಡು ಬಂತು. ಅಮ್ಮ ಪೂರ್ತಿ ತೋಳು ಬೀಸಿದಳು. ಅವಳ ಗೊಂಬೆ ಚೆಂಡನ್ನು ಆಚೆ ಕಳಿಸಿತು. ಯಾವ ಬಟನ್ ಒತ್ತಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ತುಮಕೂರಿನ ಹೈಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದ್ದ ಕೈ ಅದು. ಅದಕ್ಕೆ ಎಲ್ಲ ನೆನಪಿತ್ತು.

ಮೈ ಅಲುಗಿಸಿ ಆಡುವ ಗೇಮು ಮನೆಮಂದಿಗೆಲ್ಲ ಹಿಡಿಸುತ್ತದಾ? ಈ ಪ್ರಶ್ನೆ ಪ್ರತಿ ಐದಾರು ವರ್ಷಕ್ಕೊಮ್ಮೆ, ಟಿವಿಗೆ ಸಿಕ್ಕಿಸಿ ಆಡುವ ಹೊಸ ಗೇಮ್ ಪೆಟ್ಟಿಗೆಯ ಜೊತೆ ಮತ್ತೆ ಬರುತ್ತದೆ. ಉತ್ತರ ಹುಡುಕುವಾಗ ನನಗೆ ಮೊದಲು ನೆನಪಾಗುವುದು ಆ ಸಂಜೆಯೇ.

ಅಮ್ಮನ ಕೈಗೆ ಬಂದದ್ದು ಜಪಾನಿನ ನಿಂಟೆಂಡೊ ಕಂಪನಿಯ ವೀ (Wii) ಎಂಬ ಗೇಮ್ ಪೆಟ್ಟಿಗೆಯ ರಿಮೋಟ್. ಆದರೆ ಪ್ರಯತ್ನ ಅದಕ್ಕಿಂತ ಹಳೆಯದು. 1989ರಲ್ಲಿ ಮ್ಯಾಟೆಲ್ ಕಂಪನಿ ಅಮೆರಿಕದಲ್ಲಿ ಪವರ್ ಗ್ಲೋವ್ ಎಂಬ ಕೈಗವಸು ಮಾರಿತು. ನಿಂಟೆಂಡೊದ ಅಂದಿನ ಗೇಮ್ ಪೆಟ್ಟಿಗೆಗೆ ಅದನ್ನು ಜೋಡಿಸಬೇಕು. ಟಿವಿಯ ಸುತ್ತ ಕೂರಿಸಿದ ಪುಟ್ಟ ಮೈಕುಗಳು ಕೈಗವಸು ಹೊರಡಿಸುವ, ನಮ್ಮ ಕಿವಿಗೆ ಕೇಳದ ಸದ್ದನ್ನು ಹಿಡಿದು ಕೈ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದವು. ನೋಡಲು ಚೆಂದವಿತ್ತು, ಆಡಲು ಕಷ್ಟ. ಅದಕ್ಕೆಂದೇ ಮಾಡಿದ ಗೇಮುಗಳು ಬಂದದ್ದು ಎರಡೇ. 2003ರಲ್ಲಿ ಸೋನಿಯ ಐಟಾಯ್ ಬಂತು. ಸೋನಿಯದೇ ಗೇಮ್ ಪೆಟ್ಟಿಗೆ ಪ್ಲೇಸ್ಟೇಷನ್ 2ಕ್ಕೆ ಸಿಕ್ಕಿಸುವ ಸಣ್ಣ ಕ್ಯಾಮೆರಾ. ಆಡುವವರ ಚಿತ್ರವೇ ಟಿವಿಯಲ್ಲಿ ಕಾಣುತ್ತದೆ, ಕೈಯಾಡಿಸಿ ಕಿಟಕಿ ಗಾಜು ಒರೆಸಬೇಕು. ಒಂದು ಕೋಟಿಗೂ ಜಾಸ್ತಿ ಮಾರಾಟವಾಯಿತು. ಮನೆಗೆ ನೆಂಟರು ಬಂದಾಗ ಹೊರತೆಗೆಯುವ ಗೇಮು ಎಂಬ ರೂಢಿ ಅಲ್ಲಿಂದಲೇ ಶುರುವಾಯಿತು ಅನ್ನಬಹುದು.

ನಿಂಟೆಂಡೊ ಆಗ ಸೋಲುತ್ತಿತ್ತು. ಅದರ ಗೇಮ್‌ಕ್ಯೂಬ್ ಸುಮಾರು 2.17 ಕೋಟಿ ಮಾರಾಟವಾದರೆ, ಎದುರಾಳಿ ಪ್ಲೇಸ್ಟೇಷನ್ 2 ಹದಿನೈದು ಕೋಟಿ ದಾಟಿತು. 2002ರಲ್ಲಿ ಕಂಪನಿಯ ಅಧ್ಯಕ್ಷರಾದ ಸತೋರು ಇವಾಟ ಸ್ವತಃ ಪ್ರೋಗ್ರಾಮರ್. ಗೇಮುಗಳು ಆಡಿ ಆಡಿ ಪಳಗಿದವರಿಗೆ ಮಾತ್ರ ಅನ್ನುವ ಹಾಗಾಗಿವೆ, ಜಾಯ್‌ಸ್ಟಿಕ್ ಮೇಲಿನ ಬಟನ್ ನೋಡಿಯೇ ಮನೆಯ ಉಳಿದವರು ದೂರ ಸರಿಯುತ್ತಾರೆ ಅನ್ನುವುದು ಅವರ ಚಿಂತೆಯಾಗಿತ್ತು. ಇರುವ ಆಟಗಾರರಿಗಾಗಿ ಕಿತ್ತಾಡುವ ಬದಲು ಆಡದವರನ್ನು ಕರೆತರಬೇಕು ಎಂದು ಅವರು ಹೊರಟರು.

2005ರ ಸೆಪ್ಟೆಂಬರಿನಲ್ಲಿ ಟೋಕಿಯೋ ಗೇಮ್ ಶೋನಲ್ಲಿ ಇವಾಟ ಹೊಸ ರಿಮೋಟ್ ತೋರಿಸಿದರು. ಒಂದೇ ಕೈಯಲ್ಲಿ ಹಿಡಿಯಬಹುದಾದ, ಟಿವಿ ರಿಮೋಟಿನಂಥದ್ದೇ ಉದ್ದನೆಯ ಕಡ್ಡಿ. ಟಿವಿ ರಿಮೋಟ್ ಹಿಡಿಯಲು ಹೆದರುವವರು ಯಾವ ಮನೆಯಲ್ಲೂ ಇಲ್ಲ, ಅಲ್ವಾ? ವೀ 2006ರ ನವೆಂಬರ್ 19ರಂದು ಅಮೆರಿಕದಲ್ಲಿ 250 ಡಾಲರಿಗೆ ಮಾರಾಟಕ್ಕೆ ಬಂತು. ಅದೇ ವಾರ ಬಂದ ಪ್ಲೇಸ್ಟೇಷನ್ 3ಕ್ಕೆ 500 ಡಾಲರ್, ಮೇಲಿನ ಮಾದರಿಗೆ 600. ವೀಯ ಚಿತ್ರಗಳು ಅದರಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ಜಪಾನಿನ ಹೊರಗೆ ಬಹುತೇಕ ಕಡೆ ಪೆಟ್ಟಿಗೆಯ ಜೊತೆಗೇ ವೀ ಸ್ಪೋರ್ಟ್ಸ್ ಎಂಬ ಗೇಮನ್ನೂ ಕೊಟ್ಟರು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಅಮೆರಿಕದವರ ಮೈಗೆ ಇವೆಲ್ಲ ಮೊದಲೇ ಗೊತ್ತಿದ್ದ ಆಟಗಳು.

ರಿಮೋಟಿನ ಒಳಗೆ ಏನಿತ್ತು ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಮುಂದಿನ ಕಥೆಯೆಲ್ಲ ಅಲ್ಲೇ ಇದೆ. ಅದರಲ್ಲಿ ಅಕ್ಸೆಲೆರೋಮೀಟರ್ ಎಂಬ ಚಿಪ್ ಇದೆ. ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸಿಲಿಕಾನ್ ತುಣುಕು ಸ್ಪ್ರಿಂಗಿಗೆ ಕಟ್ಟಿದ ಹಾಗೆ ತೂಗುತ್ತಿರುತ್ತದೆ. ಬಸ್ಸು ಜರ್ಕ್ ಹೊಡೆದಾಗ ನಾವು ಹಿಂದೆ ವಾಲುವುದಿಲ್ಲವೇ, ಹಾಗೆಯೇ ಕೈ ಬೀಸಿದಾಗ ಆ ತುಣುಕು ವಾಲುತ್ತದೆ. ಎಷ್ಟು ವಾಲಿತು ಅನ್ನುವುದೇ ಲೆಕ್ಕ. ಟಿವಿಯ ಮೇಲಿಡುವ ಪಟ್ಟಿಗೆ ಸೆನ್ಸರ್ ಬಾರ್ ಎಂದು ಹೆಸರು, ಆದರೆ ಅದರಲ್ಲಿ ಸೆನ್ಸರ್ ಇಲ್ಲ. ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪಗಳಿವೆ ಅಷ್ಟೇ. ರಿಮೋಟಿನ ಮೂತಿಯಲ್ಲಿರುವ ಕ್ಯಾಮೆರಾ ಆ ಎರಡು ಬೆಳಕನ್ನು ನೋಡಿ ತಾನು ಎತ್ತ ತಿರುಗಿದ್ದೇನೆ ಎಂದು ತಿಳಿಯುತ್ತದೆ. ಪಟ್ಟಿಯ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ.

ಆದರೆ ಅಕ್ಸೆಲೆರೋಮೀಟರಿಗೆ ಗೊತ್ತಾಗುವುದು ಜರ್ಕ್ ಮಾತ್ರ. ಕೈ ಎಲ್ಲಿತ್ತು, ತೋಳು ಎಷ್ಟು ದೂರ ಹೋಯಿತು, ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಆ ಸಂಜೆ ಅಮ್ಮ ಮೂರು ಗೇಮ್ ಸೋತಮೇಲೆ ಮೊಮ್ಮಗನ ಕಡೆ ತಿರುಗಿ ನೋಡಿದಳು. ಅವನು ಸೋಫಾದಲ್ಲಿ ಒರಗಿಕೊಂಡು ಮಣಿಕಟ್ಟನ್ನು ಸುಮ್ನೆ ಟಕ್ ಅನ್ನಿಸುತ್ತಿದ್ದ. "ನಾನು ಇಷ್ಟು ಬೀಸಿದ್ರೂ ಅಷ್ಟೇ, ಅವನು ಕೂತಲ್ಲೇ ಕೈ ಕೊಡವಿದ್ರೂ ಅಷ್ಟೇನಾ?" ಅಂತ ಕೇಳಿದಳು. ಹೌದು, ಅಷ್ಟೇ. ಮುಂದಿನ ಸುತ್ತಿನಲ್ಲಿ ಅವಳೂ ಕೂತಳು. ವೀ ಆಡಲು ಜನ ಬಂದದ್ದು ಯಾಕೆ, ಆಮೇಲೆ ಮೆಲ್ಲಗೆ ಎದ್ದು ಹೋದದ್ದು ಯಾಕೆ, ಎರಡೂ ನನಗೆ ಆ ಹೊತ್ತಿನಲ್ಲಿ ಕಂಡವು. ಕೈಗೆ ಗೊತ್ತಿರುವ ಕೆಲಸವನ್ನೇ ಕೇಳಿದ್ದಕ್ಕೆ ಅಮ್ಮ ಬಂದಳು. ಆ ಕೆಲಸವನ್ನು ಚೆನ್ನಾಗಿ ಮಾಡಿದರೂ ಬೆಲೆ ಸಿಗಲಿಲ್ಲ ಅನ್ನಿಸಿದಾಗ ಹುರುಪು ಇಳಿಯಿತು. 2009ರಲ್ಲಿ ಕೈ ತಿರುಗುವುದನ್ನೂ ಅಳೆಯುವ ಮೋಷನ್‌ಪ್ಲಸ್ ಎಂಬ ತುಣುಕನ್ನು ನಿಂಟೆಂಡೊ ಬೇರೆಯಾಗಿ ಮಾರಿತು. ಅಷ್ಟರಲ್ಲಿ ವೀ ಕೋಟಿಗಟ್ಟಲೆ ಮನೆ ಸೇರಿಯಾಗಿತ್ತು.

ಆ ಎರಡು ಮೂರು ವರ್ಷಗಳ ಸಂಭ್ರಮ ದೊಡ್ಡದೇ. ಬೀಸುವ ರಭಸಕ್ಕೆ ರಿಮೋಟಿನ ದಾರ ಹರಿದು ಟಿವಿಗೆ ಬಡಿದ ಸುದ್ದಿಗಳು ಬಂದವು. 2006ರ ಡಿಸೆಂಬರಿನಲ್ಲಿ ನಿಂಟೆಂಡೊ 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಯಿತು. ಅಮೆರಿಕದ ವೃದ್ಧರ ವಸತಿಗಳಲ್ಲಿ ವೀ ಬೌಲಿಂಗ್ ಪಂದ್ಯಾವಳಿಗಳು ನಡೆದವು. ನಿಜವಾದ ಭಾರದ ಚೆಂಡು ಎತ್ತಲಾಗದವರು ವೀಲ್‌ಚೇರಿನಲ್ಲಿ ಕೂತು ಆಡಿದರು. ಈ ಇಡೀ ಕಥೆಯಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಇದು. 2007ರ ಕೊನೆಗೆ ವೀ ಫಿಟ್ ಬಂತು, ಮೇಲೆ ನಿಂತು ವ್ಯಾಯಾಮ ಮಾಡುವ ಹಲಗೆಯ ಜೊತೆ. ಅದೂ ಎರಡು ಕೋಟಿ ದಾಟಿತು. 2009ರ ಮಾರ್ಚಿಗೆ ಮುಗಿದ ಒಂದೇ ವರ್ಷದಲ್ಲಿ ಸುಮಾರು 2.59 ಕೋಟಿ ವೀ ಮಾರಾಟವಾದವು.

ಉಳಿದವರು ಸುಮ್ಮನಿರುತ್ತಾರೆಯೇ? 2010ರಲ್ಲಿ ಸೋನಿ ತುದಿಯಲ್ಲಿ ಹೊಳೆಯುವ ಗುಂಡಿರುವ ಮೂವ್ ಎಂಬ ರಿಮೋಟ್ ತಂದಿತು. ಮುಂದೆ ಅದಕ್ಕೆ ಮುಂಬೈನ ಟ್ರೈನ್ ಗೇಮ್ಸ್ ಮೂವ್ ಸ್ಟ್ರೀಟ್ ಕ್ರಿಕೆಟ್ ಮಾಡಿತು. ಅಮೆರಿಕದ ಬೌಲಿಂಗ್ ಬದಲು ನಮ್ಮ ಗಲ್ಲಿ ಕ್ರಿಕೆಟ್! ಯೋಚನೆ ಸರಿಯಾಗಿತ್ತು, ಆದರೆ ಆ ಬೆಲೆಯ ಪೆಟ್ಟಿಗೆ ಇದ್ದ ಮನೆಗಳೇ ನಮ್ಮಲ್ಲಿ ಕಡಿಮೆ.

ಮೈಕ್ರೋಸಾಫ್ಟ್ ಇನ್ನೊಂದು ತುದಿಗೆ ಹೋಯಿತು. ಅದರ ಗೇಮ್ ಪೆಟ್ಟಿಗೆ ಎಕ್ಸ್‌ಬಾಕ್ಸಿಗೆ ಸಿಕ್ಕಿಸುವ, 2010ರ ನವೆಂಬರಿನಲ್ಲಿ ಬಂದ ಕಿನೆಕ್ಟಿಗೆ ರಿಮೋಟೇ ಬೇಡ. ಇನ್‌ಫ್ರಾರೆಡ್ ಚುಕ್ಕೆಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ಬಿದ್ದ ರೀತಿಯಿಂದ ದೂರ ಅಳೆದು, ಆಡುವವರ ಕೀಲುಗಳು ಎಲ್ಲಿವೆ ಎಂದು ಊಹಿಸುತ್ತಿತ್ತು. ಅದ್ಭುತ ತಂತ್ರ. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟ. ಆದರೆ ಮನೆಯ ಕಷ್ಟಗಳು ಬೇರೆ. ಟಿವಿಯಿಂದ ಸುಮಾರು ಆರು ಅಡಿ ದೂರ ನಿಲ್ಲಬೇಕು, ಇಬ್ಬರಾದರೆ ಇನ್ನೂ ಹಿಂದೆ. ನಮ್ಮ ಟು ಬಿಎಚ್‌ಕೆ ಹಾಲಿನಲ್ಲಿ ಟೀಪಾಯಿ, ದಿವಾನ ಎಲ್ಲ ಎತ್ತಿಟ್ಟರೂ ಅಷ್ಟು ಜಾಗ ಸಿಗುವುದು ಕಷ್ಟ. ಸಡಿಲ ಬಟ್ಟೆ ಹಾಕಿದ್ದರೆ ಅದರ ಊಹೆ ತಪ್ಪುತ್ತಿತ್ತು. ಮಾಡಿದ್ದು ತೆರೆಯ ಮೇಲೆ ಕಾಣಲು ಅರೆಗಳಿಗೆ ತಡ. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಹಿಡಿಯಲು ಏನೂ ಇಲ್ಲ. ರ‍್ಯಾಕೆಟ್ಟಿನ ಹಿಡಿ ಸಿಗದೆ ಕೈಗೆ ಆಟ ನೆನಪಾಗುವುದಾದರೂ ಹೇಗೆ? 2013ರಲ್ಲಿ ಹೊಸ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟನ್ನು ಸೇರಿಸಿಯೇ ಮಾರಿ, ಪ್ಲೇಸ್ಟೇಷನ್ 4ಗಿಂತ 100 ಡಾಲರ್ ಹೆಚ್ಚು ಬೆಲೆ ಇಟ್ಟರು. ಮುಂದಿನ ವರ್ಷವೇ ಕಿನೆಕ್ಟ್ ಇಲ್ಲದ ಪೆಟ್ಟಿಗೆ ತರಬೇಕಾಯಿತು. 2017ರಲ್ಲಿ ತಯಾರಿಕೆಯೇ ನಿಂತಿತು.

ಅಷ್ಟರಲ್ಲಿ ಮನೆಮಂದಿ ಎಲ್ಲಿ ಹೋಗಿದ್ದರು? ಫೋನಿಗೆ. ಆಪಲ್‌ನ ಆಪ್ ಸ್ಟೋರ್ 2008ರ ಜುಲೈಯಲ್ಲಿ ತೆರೆಯಿತು. ಕೆಲವೇ ವರ್ಷಗಳಲ್ಲಿ ಆಂಗ್ರಿ ಬರ್ಡ್ಸ್, ಟೆಂಪಲ್ ರನ್, ಕ್ಯಾಂಡಿ ಕ್ರಷ್ ಮೆಟ್ರೋದಿಂದ ಅಡುಗೆಮನೆಯವರೆಗೆ ಹರಡಿದವು. ಬೆರಳಿನಿಂದ ಮುಟ್ಟುವುದು, ಸರಿಸುವುದು ತೋಳು ಬೀಸುವುದಕ್ಕಿಂತಲೂ ಗೊತ್ತಿರುವ ಕೆಲಸ. ಟೀಪಾಯಿ ಎತ್ತಿಡಬೇಕಾಗಿಲ್ಲ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ಲೆವೆಲ್ ಮುಗಿಯುತ್ತದೆ. ವೀಯ ವಾರ್ಷಿಕ ಮಾರಾಟ 2013ರ ಮಾರ್ಚ್ ಹೊತ್ತಿಗೆ 40 ಲಕ್ಷಕ್ಕೆ ಇಳಿಯಿತು. ಒಟ್ಟು 10.16 ಕೋಟಿ ಮಾರಿದ ಪೆಟ್ಟಿಗೆಯ ನಂತರ ಬಂದ ವೀ ಯು ಕೊನೆತನಕ 1.35 ಕೋಟಿ ಮಾತ್ರ ಮಾರಿತು. ಟೆನಿಸ್ ಆಡಲು ಬಂದವರು ಹೊಸ ಪೆಟ್ಟಿಗೆ ಕೊಳ್ಳಲು ಬರಲಿಲ್ಲ. ಅವರಿಗೆ ಮನೆಯಲ್ಲಿದ್ದ ಟೆನಿಸ್ಸೇ ಸಾಕಾಗಿತ್ತು.

ಇದನ್ನು ಸೋಲು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇರಂ ಬೋರ್ಡ್ ಕೂಡ ವರ್ಷದಲ್ಲಿ ಎರಡು ಸಲ ಅಟ್ಟದಿಂದ ಇಳಿಯುತ್ತದೆ, ಅದನ್ನು ಯಾರೂ ಸೋತ ಆಟ ಅನ್ನುವುದಿಲ್ಲ. ಕುಣಿಯುವ ಗೇಮ್ ಜಸ್ಟ್ ಡ್ಯಾನ್ಸ್ ವೀಗೆ 2009ರಲ್ಲಿ ಬಂತು. 2019ರಲ್ಲೂ ಅದರ ಹೊಸ ಆವೃತ್ತಿ ವೀಗೆ ಬಂದಿತ್ತು, ಅಂದರೆ ಹತ್ತು ವರ್ಷವಾದರೂ ಆ ಪೆಟ್ಟಿಗೆಯನ್ನು ಬಿಡದ ಮನೆಗಳಿದ್ದವು. ಅದೇ ವರ್ಷ ನಿಂಟೆಂಡೊದ ಮುಂದಿನ ಪೆಟ್ಟಿಗೆ ಸ್ವಿಚ್‌ಗೆ ಬಂದ ರಿಂಗ್ ಫಿಟ್ ಅಡ್ವೆಂಚರ್ ಕೈಗೆ ಒಂದು ಬಳೆಯಾಕಾರದ ರಿಂಗ್ ಕೊಟ್ಟಿತು. ಒತ್ತಿದರೆ ಎದುರೊತ್ತುತ್ತದೆ. ಸುಮ್ನೆ ಕೈ ಕೊಡವಿ ಮೋಸ ಮಾಡುವುದು ಕಷ್ಟ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳಲ್ಲಿ ಸಿಗದ ಹಾಗಾಯಿತು. 2023ರ ಕೊನೆಗೆ ಅಮೆರಿಕದಲ್ಲಿ ನೆಕ್ಸ್ ಪ್ಲೇಗ್ರೌಂಡ್ ಎಂಬ ಪುಟ್ಟ ಚೌಕದ ಪೆಟ್ಟಿಗೆ ಬಂದಿದೆ. ಕ್ಯಾಮೆರಾ ಇದೆ, ರಿಮೋಟ್ ಹಿಡಿದು ಆಡುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳೇ ಅದರ ಗುರಿ.

2022ರಲ್ಲಿ ಸ್ವಿಚ್ ಸ್ಪೋರ್ಟ್ಸ್ ಬಂದಾಗ ಆಟಗಳ ಪಟ್ಟಿಯಲ್ಲಿ ಬ್ಯಾಡ್ಮಿಂಟನ್ ಇತ್ತು. ಆ ವರ್ಷ ದೀಪಾವಳಿಗೆ ಅಣ್ಣನ ಮನೆಯವರು ಬೆಂಗಳೂರಿಗೆ ಬಂದಿದ್ದರು. ಅಣ್ಣನ ಮಗನಿಗೆ ಆಗ ಇಪ್ಪತ್ತೆರಡು. ಊಟ ಆದಮೇಲೆ ಹಾಲಿನ ದಿವಾನ ಗೋಡೆಗೆ ತಳ್ಳಿ ಟಿವಿಗೆ ಸ್ವಿಚ್ ಸಿಕ್ಕಿಸಿದ. ಅಮ್ಮನಿಗೆ ಎಪ್ಪತ್ತು. ಮಂಡಿ ನೋವು. ಕುರ್ಚಿ ತರಿಸಿಕೊಂಡು, ಬಳೆ ಮೇಲೆ ಸರಿಸಿ, ಕೂತೇ ಆಡಿದಳು. ಈ ಸಲ ಮೊಮ್ಮಗ ನಿಂತಿದ್ದ.